ಬೂದಿದಿಬ್ಬ ರಾಕ್ಷಸರ ಚಿತೆಯೇ? ಗುಟ್ಟು ಬಿಡಿಸಿದ ಬ್ರೂಸ್ ಫೂಟ್

ಬೂದಿದಿಬ್ಬಗಳು ವಾಲಿಯ ಅಥವಾ ರಾಕ್ಷಸರ ಚಿತೆ ಎಂಬ ನಂಬಿಕೆ ಇದೆ. ನಿಜ ಬೇರೆ. ಅದು ಸುಟ್ಟ ಸಗಣಿ ಎಂದು ವಾದಿಸಿದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್.

1834ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಫೂಟ್, 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಸೇರಿದರು. 1863ರಲ್ಲಿ ಮದ್ರಾಸ್ ಬಳಿಯ ಪಲ್ಲಾವರಂನಲ್ಲಿ ಅವರಿಗೆ ಸಿಕ್ಕ ಕಲ್ಲಿನ ಕೊಡಲಿ, ಭಾರತದಲ್ಲೂ ಹಳೆ ಶಿಲಾಯುಗ ಇತ್ತೆಂದು ತೋರಿಸಿತು. ಗೋಕಾಕದ ಬಳಿ ಸಿಕ್ಕ ಘೇಂಡಾಮೃಗದ ಪಳೆಯುಳಿಕೆಯನ್ನು 1874ರಲ್ಲಿ ವಿವರಿಸಿದರು. ಬಳ್ಳಾರಿ ಸುತ್ತಲಿನ ಬೂದಿದಿಬ್ಬಗಳನ್ನೂ ಪರೀಕ್ಷಿಸಿದರು. 1891ರಲ್ಲಿ ನಿವೃತ್ತರಾದರು. ಅವರ ಸಂಗ್ರಹ 1904ರಲ್ಲಿ ಮದ್ರಾಸ್ ಮ್ಯೂಸಿಯಂ ಸೇರಿತು. 1912ರಲ್ಲಿ ತೀರಿಕೊಂಡರು.

ಮುಂದೆ ಸುರಪುರ ಸೀಮೆಯ ಬೂದಿಹಾಳದ ಉತ್ಖನನದಲ್ಲೂ ದನದ ದೊಡ್ಡಿ, ಸಗಣಿ ರಾಶಿಯ ಗುರುತು ಸಿಕ್ಕವು. ಫೂಟ್ ಮಾತು ನಿಂತಿತು.

ಗೊಬ್ಬರಕ್ಕೆಂದು ದಿಬ್ಬ ಅಗೆದರೆ ಈ ಸಾಕ್ಷಿ ಮತ್ತೆ ಸಿಗದು. ನಿಮ್ಮೂರವರಿಗೂ ತಿಳಿಸಿ.