ಮಾರ್ಗರೆಟ್ ಚೇಸ್ ಸ್ಮಿತ್: ಗೆಲ್ಲಲಾರರೆಂಬ ಭವಿಷ್ಯ ಮತ್ತು 27 ಮತಗಳು

ಅಮೆರಿಕದ ಪಕ್ಷವೊಂದರಲ್ಲಿ ಅಧ್ಯಕ್ಷ ಪದವಿಯ ಉಮೇದುವಾರಿಕೆಗಾಗಿ ಮಹಿಳೆಯೊಬ್ಬರು ಮುಂದೆ ಬಂದಾಗಲೆಲ್ಲ ಅವರ ಧೋರಣೆಗಳೇನು ಎಂಬ ವಿಚಾರಕ್ಕಿಂತ ಮೊದಲು ಅವರು ಗೆಲ್ಲಬಲ್ಲರೇ ಎಂಬ ಲೆಕ್ಕಾಚಾರವೇ ಪತ್ರಿಕೆಗಳ ಪುಟಗಳನ್ನು ಆವರಿಸಿಕೊಳ್ಳುವುದನ್ನು ನಾವು ಕಂಡಿದ್ದೇವೆ. ಈ ಲೆಕ್ಕಾಚಾರವನ್ನು 1964ರಲ್ಲಿಯೇ ಎದುರಿಸಿದವರು ಸೆನೆಟರ್ ಮಾರ್ಗರೆಟ್ ಚೇಸ್ ಸ್ಮಿತ್. ಅಲ್ಲಿನ ಎರಡು ಪ್ರಮುಖ ಪಕ್ಷಗಳ ಪೈಕಿ ಒಂದರ ಮಹಾಧಿವೇಶನದಲ್ಲಿ ಅಧ್ಯಕ್ಷ ಪದವಿಗೆ ಹೆಸರು ಸೂಚಿತವಾದ ಪ್ರಥಮ ಮಹಿಳೆ ಅವರೇ.

ಅಮೆರಿಕದ ಈಶಾನ್ಯದ ಮೇನ್ ರಾಜ್ಯದ ಸ್ಕೌಹೀಗನ್ ಎಂಬ ಚಿಕ್ಕ ಊರಿನಲ್ಲಿ 1897ರ ಡಿಸೆಂಬರ್ 14ರಂದು ಅವರು ಜನಿಸಿದರು. ತಂದೆ ಕ್ಷೌರಿಕ ವೃತ್ತಿಯವರು. ಆರು ಮಕ್ಕಳಲ್ಲಿ ಹಿರಿಯಳಾದ ಈಕೆಗೆ ಕಾಲೇಜಿನ ಮೆಟ್ಟಿಲೇರುವ ಅವಕಾಶ ಒದಗಲಿಲ್ಲ. ಅಂಗಡಿಯಲ್ಲಿ ಮಾರಾಟ, ಟೆಲಿಫೋನ್ ಕೇಂದ್ರದ ಕೆಲಸ, ಕೆಲಕಾಲ ಶಾಲೆಯಲ್ಲಿ ಪಾಠ, ಬಳಿಕ ಊರಿನ ವಾರಪತ್ರಿಕೆಯಲ್ಲಿ ಉದ್ಯೋಗ, ಹೀಗೆ ಸಾಗಿತು ಬದುಕು. 1930ರಲ್ಲಿ ರಾಜಕಾರಣಿ ಕ್ಲೈಡ್ ಸ್ಮಿತ್ ಅವರನ್ನು ವರಿಸಿದರು. ಪತಿ ಕಾಂಗ್ರೆಸ್ಸಿನ ಪ್ರತಿನಿಧಿ ಸಭೆಗೆ ಆಯ್ಕೆಯಾದಾಗ ಅವರ ಕಚೇರಿಯ ಕೆಲಸವನ್ನೆಲ್ಲ ನೋಡಿಕೊಂಡವರು ಇವರೇ. 1940ರ ಏಪ್ರಿಲಿನಲ್ಲಿ ಪತಿ ತೀರಿಕೊಂಡಾಗ ತೆರವಾದ ಸ್ಥಾನಕ್ಕೆ ಉಪಚುನಾವಣೆಯಲ್ಲಿ ಗೆದ್ದುಬಂದರು. ವಿಧವೆಗೆ ಅನುಕಂಪದಿಂದ ದೊರೆತ ಸ್ಥಾನವೆಂದು ಆಡಿಕೊಂಡವರಿದ್ದರು. ಆದರೆ ಅನುಕಂಪದ ಬಲ ಒಂದು ಚುನಾವಣೆಗೆ ಸಾಲಬಹುದು, ಮೂರು ದಶಕಗಳಿಗೆ ಸಾಲದು.

1948ರಲ್ಲಿ ಸೆನೆಟ್ ಸ್ಥಾನಕ್ಕೆ ಸ್ಪರ್ಧಿಸಿದಾಗ ಪಕ್ಷದೊಳಗೆ ಅವರ ಎದುರಿಗಿದ್ದವರಲ್ಲಿ ಅಂದಿನ ರಾಜ್ಯಪಾಲರೂ ಮಾಜಿ ರಾಜ್ಯಪಾಲರೂ ಸೇರಿದ್ದರು. ಮೂವರು ಎದುರಾಳಿಗಳ ಮತಗಳನ್ನು ಕೂಡಿಸಿದರೂ ಇವರ ಮತಗಳಿಗೆ ಸಮನಾಗಲಿಲ್ಲ! ಹೀಗೆ ಅಮೆರಿಕದ ಎರಡೂ ಸದನಗಳಲ್ಲಿ ಸೇವೆ ಸಲ್ಲಿಸಿದ ಪ್ರಥಮ ಮಹಿಳೆಯಾದರು.

ಅವರ ಧೈರ್ಯದ ಪರೀಕ್ಷೆ ನಡೆದದ್ದು 1950ರ ಜೂನ್ 1ರಂದು. ಸೆನೆಟರ್ ಜೋಸೆಫ್ ಮೆಕಾರ್ಥಿ ಕಂಡಕಂಡವರಿಗೆ ಕಮ್ಯುನಿಸ್ಟ್ ಪಟ್ಟ ಕಟ್ಟುತ್ತಿದ್ದ ಕಾಲವದು. ಅವರು ಇವರದೇ ರಿಪಬ್ಲಿಕನ್ ಪಕ್ಷದವರು. ದೊಡ್ಡ ದೊಡ್ಡವರು ಬಾಯಿಮುಚ್ಚಿ ಕುಳಿತಿದ್ದಾಗ, ಸೆನೆಟ್ ಪ್ರವೇಶಿಸಿ ಎರಡು ವರ್ಷವೂ ತುಂಬದ ಸ್ಮಿತ್ ಅವರು ಎದ್ದುನಿಂತು, ಹೆಸರೆತ್ತದೆಯೇ ಆ ಬಗೆಯ ರಾಜಕಾರಣವನ್ನು ಖಂಡಿಸಿದರು. ಆರು ಮಂದಿ ಪಕ್ಷದ ಸೆನೆಟರುಗಳು ಅವರ ಹೇಳಿಕೆಗೆ ಸಹಿ ಹಾಕಿದ್ದರು. ಮೆಕಾರ್ಥಿ ಅವರನ್ನು ಮಹತ್ವದ ಉಪಸಮಿತಿಯಿಂದ ಕಿತ್ತುಹಾಕಿ ಸೇಡು ತೀರಿಸಿಕೊಂಡರು. ಸೆನೆಟ್ ಸಭೆ ಮೆಕಾರ್ಥಿಯವರನ್ನು ಖಂಡಿಸಲು 1954ರ ಡಿಸೆಂಬರ್ ಬರಬೇಕಾಯಿತು.

1964ರ ಜನವರಿ 27ರಂದು ವಾಷಿಂಗ್ಟನ್ನಿನ ಮಹಿಳಾ ಪತ್ರಕರ್ತರ ಕ್ಲಬ್ಬಿನಲ್ಲಿ ಅವರು ಮಾಡಿದ ಭಾಷಣ ನಮ್ಮ ದೃಷ್ಟಿಯಲ್ಲಿ ವಿಶಿಷ್ಟವಾದುದು. ಸ್ಪರ್ಧಿಸಲು ಇರುವ ಕಾರಣಗಳನ್ನೂ ಸ್ಪರ್ಧಿಸದಿರಲು ಇರುವ ಕಾರಣಗಳನ್ನೂ ಅವರು ಸಭೆಯ ಮುಂದಿಟ್ಟರು. ಗೆಲ್ಲುವ ಸಂಭವವಿಲ್ಲ, ಹಣವಿಲ್ಲ, ಸಂಘಟನೆಯಿಲ್ಲ, ಸೆನೆಟ್ ಮತದಾನ ತಪ್ಪಿಸಿಕೊಳ್ಳದೆ ಪ್ರಚಾರಕ್ಕೆ ವೇಳೆಯಿಲ್ಲ, ಮಹಿಳೆಗೆ ಅಷ್ಟು ದೇಹಶಕ್ತಿಯಿಲ್ಲವೆಂಬ ಮಾತಿದೆ ಎಂದು ಒಂದೊಂದಾಗಿ ಎಣಿಸಿದರು. ಸ್ಪರ್ಧಿಸಬಾರದೆಂಬ ಕಾರಣಗಳೇ ಹೆಚ್ಚು ಬಲವಾಗಿವೆ ಎಂದು ಒಪ್ಪಿ, ಆದ್ದರಿಂದಲೇ ಸ್ಪರ್ಧಿಸುತ್ತೇನೆ ಎಂದು ಘೋಷಿಸಿದರು. ಆಗ ಅವರಿಗೆ 66 ವರ್ಷ. ಪಂಡಿತರು ನುಡಿಯಲಿದ್ದ ಭವಿಷ್ಯವನ್ನು ಅಭ್ಯರ್ಥಿಯೇ ಮೊದಲು ನುಡಿದುಬಿಟ್ಟರೆ ಪಂಡಿತರಿಗೆ ಉಳಿಯುವುದಾದರೂ ಏನು?

ಆ ದಿನಗಳಲ್ಲಿ ಮತದಾರರನ್ನೇ ನೇರವಾಗಿ ಕೇಳುವ ಪ್ರೈಮರಿ ಚುನಾವಣೆಗಳು ಕೆಲವೇ ರಾಜ್ಯಗಳಲ್ಲಿದ್ದವು. ಹೆಚ್ಚಿನ ಪ್ರತಿನಿಧಿಗಳನ್ನು ರಾಜ್ಯಗಳ ಪಕ್ಷನಾಯಕರೇ ಆರಿಸುತ್ತಿದ್ದರು. ಅವರು ಗೆಲ್ಲುವ ಕುದುರೆಯನ್ನೇ ಹುಡುಕುವವರು. ಗೆಲ್ಲಲಾರರೆಂದು ಪತ್ರಿಕೆ ಬರೆದರೆ ನಾಯಕರು ದೂರ ಸರಿಯುತ್ತಾರೆ, ನಾಯಕರು ಸರಿದರೆಂದು ಪತ್ರಿಕೆ ಮತ್ತೆ ಬರೆಯುತ್ತದೆ. ಭವಿಷ್ಯವೇ ತನ್ನನ್ನು ತಾನು ನಿಜಮಾಡಿಕೊಳ್ಳುವ ಈ ಬಗೆಯಿಂದ ಮಹಿಳಾ ಅಭ್ಯರ್ಥಿಗೆ ಆಗುವ ನಷ್ಟ ಹೆಚ್ಚೆಂಬುದು ನಮ್ಮ ಅಭಿಪ್ರಾಯ. ಹಾಗೆಂದು ಸೋಲಿನ ಹೊಣೆಯನ್ನೆಲ್ಲ ಅನ್ಯರ ಮೇಲೆ ಹೊರಿಸುವುದೂ ಸಲ್ಲದು. ಬಂದ ದೇಣಿಗೆಗಳನ್ನು ಸ್ಮಿತ್ ಹಿಂತಿರುಗಿಸುತ್ತಿದ್ದರು, ಜಾಹೀರಾತು ಕೊಡಲಿಲ್ಲ, ಸಂಬಳದ ಕಾರ್ಯಕರ್ತರನ್ನು ಇಟ್ಟುಕೊಳ್ಳಲಿಲ್ಲ.

ನ್ಯೂ ಹ್ಯಾಂಪ್‌ಶೈರಿನ ಕೊರೆಯುವ ಚಳಿಯಲ್ಲಿ ಅವರು ಊರೂರು ಸುತ್ತಿ ಕೈಕುಲುಕಿದರು. ಮಾರ್ಚ್ 10ರಂದು ದೊರೆತದ್ದು ಎರಡು ಸಾವಿರದ ಚಿಲ್ಲರೆ ಮತ, ಐದನೆಯ ಸ್ಥಾನ. ಅವರ ವಿಷಯದಲ್ಲಿ ಭವಿಷ್ಯ ನಿಜವಾಯಿತು. ಆದರೆ ಅದೇ ದಿನ ಭಾರಿ ಹಣ ಚೆಲ್ಲಿದ್ದ ಗೋಲ್ಡ್‌ವಾಟರ್, ರಾಕ್‌ಫೆಲ್ಲರ್ ಇಬ್ಬರನ್ನೂ ಸೋಲಿಸಿ ಗೆದ್ದವರು ಯಾರು? ವಿಯೆಟ್ನಾಮಿನಲ್ಲಿ ರಾಯಭಾರಿಯಾಗಿದ್ದ, ಪ್ರಚಾರಕ್ಕೆ ಕಾಲಿಡದ, ಮತಪತ್ರದಲ್ಲಿ ಹೆಸರೂ ಇರದ ಹೆನ್ರಿ ಕ್ಯಾಬಟ್ ಲಾಡ್ಜ್! ಮತದಾರರು ಕೈಯಾರೆ ಅವರ ಹೆಸರು ಬರೆದು ಗೆಲ್ಲಿಸಿದ್ದರು. ಏಪ್ರಿಲಿನಲ್ಲಿ ಇಲಿನಾಯ್ ರಾಜ್ಯದಲ್ಲಿ ಸ್ಮಿತ್ ಅವರಿಗೆ ಎರಡು ಲಕ್ಷಕ್ಕೂ ಹೆಚ್ಚು ಮತಗಳು ಬಂದವು. ಅಂದರೆ ನಾಲ್ವರಲ್ಲಿ ಒಬ್ಬರ ಮತ. ಗೋಲ್ಡ್‌ವಾಟರ್ ಮುಂದಿದ್ದರು ನಿಜ. ಆದರೂ ಹಣವಿಲ್ಲದ ಪ್ರಚಾರಕ್ಕೆ ಅದು ಅಲ್ಪ ಫಲವಲ್ಲ.

ಜುಲೈಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಮಹಾಧಿವೇಶನದಲ್ಲಿ ವರ್ಮಾಂಟಿನ ಸೆನೆಟರ್ ಜಾರ್ಜ್ ಐಕೆನ್ ಅವರ ಹೆಸರನ್ನು ಸೂಚಿಸಿದರು. ಗೆಲ್ಲಲು 655 ಮತ ಬೇಕಿತ್ತು. ಗೋಲ್ಡ್‌ವಾಟರ್ 883 ಪಡೆದರು, ಸ್ಮಿತ್ 27. ಆಯ್ಕೆ ಸರ್ವಾನುಮತವೆನಿಸಲೆಂದು ಇತರರು ತಮ್ಮ ಪ್ರತಿನಿಧಿಗಳನ್ನು ಬಿಟ್ಟುಕೊಟ್ಟಾಗಲೂ ಸ್ಮಿತ್ ಬಿಟ್ಟುಕೊಡಲಿಲ್ಲ. ನಮ್ಮ ನೆರೆಯ ಶ್ರೀಲಂಕಾದಲ್ಲಿ ಸಿರಿಮಾವೊ ಬಂಡಾರನಾಯಕೆ 1960ರಿಂದಲೇ ಪ್ರಧಾನಿಯಾಗಿದ್ದರೆಂಬುದನ್ನು ಇಲ್ಲಿ ನೆನೆಯಬಹುದು.

1972ರ ಡೆಮಾಕ್ರಾಟಿಕ್ ಅಧಿವೇಶನದಲ್ಲಿ ಶರ್ಲಿ ಚಿಸಮ್ ಅವರಿಗೆ 152 ಮತಗಳು ಬಂದವು. ಆ ಪಕ್ಷ ಹಿಲರಿ ಕ್ಲಿಂಟನ್ ಅವರನ್ನು ಅಭ್ಯರ್ಥಿಯಾಗಿಸಿದ್ದು 2016ರಲ್ಲಿ. ಸ್ಮಿತ್ ಅವರ ರಿಪಬ್ಲಿಕನ್ ಪಕ್ಷವು 2024ರ ಚುನಾವಣೆಯವರೆಗೆ ಮಹಿಳೆಯನ್ನು ಅಧ್ಯಕ್ಷ ಪದವಿಗೆ ಆರಿಸಿರಲಿಲ್ಲ.

ಸೆನೆಟ್ಟಿನಲ್ಲಿ ಸತತ 2,941 ಮತದಾನಗಳಲ್ಲಿ ಪಾಲ್ಗೊಂಡಿದ್ದ ಅವರ ದಾಖಲೆಗೆ 1968ರಲ್ಲಿ ಸೊಂಟದ ಶಸ್ತ್ರಚಿಕಿತ್ಸೆ ತಡೆಯೊಡ್ಡಿತು. 1972ರಲ್ಲಿ, 74ನೆಯ ವಯಸ್ಸಿನಲ್ಲಿ, ವಿಲಿಯಂ ಹ್ಯಾಥವೇ ಎದುರು ಸೋತು ಊರಿಗೆ ಮರಳಿದರು. ಸ್ಕೌಹೀಗನ್ನಿನಲ್ಲಿ ಅವರ ಹೆಸರಿನ ಗ್ರಂಥಾಲಯ ಸ್ಥಾಪನೆಯಾಯಿತು. 1995ರ ಮೇ 29ರಂದು ಅದೇ ಊರಿನಲ್ಲಿ, 97ನೆಯ ವಯಸ್ಸಿನಲ್ಲಿ ನಿಧನರಾದರು.