ಕಾಡಿನ ವೈದ್ಯ ಡಾ|| ಹ್ಯೂ ಕ್ಲೆಗ್‌ಹಾರ್ನ್

ನಾನು ಹುಟ್ಟಿ ಬೆಳೆದುದು ಹಡಗಲಿ ತಾಲ್ಲೂಕಿನ ಒಂದು ಸಣ್ಣ ಹಳ್ಳಿಯಲ್ಲಿ. ಶಾಸನಗಳು ಕೋಗಳಿ-500 ಎಂದು ಕರೆದ ಈ ನಾಡಿನಲ್ಲಿ ಮಳೆ ಕಡಮೆ. ಜಾಲಿ, ಬೇವು, ಹುಣಿಸೆಗಳೇ ನಮ್ಮ ವನಸಿರಿ. ಆದರೂ ಮಳೆಗಾಲ ಬಂದಿತೆಂದರೆ ನಮ್ಮ ಎಲ್ಲೆಯ ತುಂಗಭದ್ರೆ ಕೆಂಪಾಗಿ ತುಂಬಿ ಹರಿಯುತ್ತಾಳೆ. ನಮ್ಮಲ್ಲಿ ಹನಿ ಬೀಳದಿದ್ದರೂ ಹೊಳೆ ಹೇಗೆ ಬಂದಿತೆಂದು ಚಿಕ್ಕಂದಿನಲ್ಲಿ ಕೇಳಿದಾಗ, ಅಕ್ಷರವರಿಯದ ನನ್ನ ತಂದೆ, ಅದು ಮಲೆನಾಡಿನ ಕಾಡು ಕೊಟ್ಟ ನೀರೆಂದು ಹೇಳಿದ್ದರು. ಆ ಮಾತನ್ನೇ ನೂರೆಪ್ಪತ್ತು ವರ್ಷಗಳ ಹಿಂದೆ ವಿದ್ವಾಂಸರ ಸಭೆಯ ಮುಂದಿಟ್ಟ ಒಬ್ಬ ವೈದ್ಯರ ಬಾಳನ್ನು ನನ್ನ ಸಹಪಾಠಿಗಳಿಗೆ ತಿಳಿಸಬೇಕೆಂಬುದೇ ಈ ಲೇಖನದ ಉದ್ದೇಶ.

ಹ್ಯೂ ಕ್ಲೆಗ್‌ಹಾರ್ನರು 1820ರ ಆಗಸ್ಟ್ ತಿಂಗಳಲ್ಲಿ ಮದರಾಸಿನಲ್ಲಿ ಜನಿಸಿದರು. ತಂದೆ ಅಲ್ಲಿಯ ನ್ಯಾಯಾಲಯದ ಅಧಿಕಾರಿ. ಎಳೆಯ ಬಾಲಕನನ್ನು ಸ್ಕಾಟ್ಲೆಂಡಿನ ಅಜ್ಜನ ಮನೆಗೆ ಕಳುಹಿಸಲಾಯಿತು. ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರವನ್ನು ಓದಿ 1841ರಲ್ಲಿ ಪದವೀಧರರಾದ ಅವರು, ಮರುವರ್ಷವೇ ಕಂಪನಿ ಸರ್ಕಾರದ ಸೇವೆಗೆಂದು ಮದರಾಸಿಗೆ ಮರಳಿದರು.

ಕೆಲವು ವರ್ಷಗಳಲ್ಲಿ ಅವರಿಗೆ ಮೈಸೂರು ಸೀಮೆಯ ನಗರ ವಿಭಾಗಕ್ಕೆ ವರ್ಗವಾಯಿತು. ಶಿವಮೊಗ್ಗೆಯೇ ಅವರ ಠಾಣೆ. ಬೆಳಗ್ಗೆ ರೋಗಿಗಳು, ಬಿಡುವಿನಲ್ಲಿ ಗಿಡಮರಗಳು. ದಿನಕ್ಕೊಂದು ಗಿಡವನ್ನು ಪರೀಕ್ಷಿಸುವುದೆಂಬ ನಿಯಮವನ್ನಿಟ್ಟುಕೊಂಡು, ಒಬ್ಬ ದೇಶೀಯ ಚಿತ್ರಕಾರನಿಂದ ಅವುಗಳ ಚಿತ್ರಗಳನ್ನು ಬರೆಯಿಸಿದರು. ಅವರ ಸಂಗ್ರಹದ ಚಿತ್ರಗಳು ಇಂದಿಗೂ ಎಡಿನ್‌ಬರೋ ಸಸ್ಯೋದ್ಯಾನದಲ್ಲಿವೆ.

ಗಿಡಗಳನ್ನು ನೋಡಹೋದವರು ಅವುಗಳ ನಾಶವನ್ನೂ ಕಂಡರು. ನಿತ್ಯಹರಿದ್ವರ್ಣದ ಕಾಡಿನಲ್ಲಿ ಉದುರಿದ ಎಲೆ ಕೊಳೆತು ನೆಲವು ಮೆತ್ತೆಯಂತಾಗುತ್ತದೆ. ಬೇರುಗಳು ಮಣ್ಣನ್ನು ಹಿಡಿಯುತ್ತವೆ. ಮಳೆನೀರು ಇಂಗಿ ಬೇಸಗೆಯಲ್ಲಿ ಒರತೆಯಾಗುತ್ತದೆ. ಮರ ಹೋದರೆ ಅದೇ ಮಳೆ ಮಣ್ಣನ್ನು ಕೊಚ್ಚಿಕೊಂಡು ಹೊಳೆಗಿಳಿಯುತ್ತದೆ. ಅನಾರೋಗ್ಯದಿಂದ 1848ರಲ್ಲಿ ಸ್ವದೇಶಕ್ಕೆ ಹೋದಾಗ, ಬ್ರಿಟಿಷ್ ವಿಜ್ಞಾನ ಸಂಘವು ಉಷ್ಣವಲಯದ ಅರಣ್ಯನಾಶದ ಪರಿಣಾಮಗಳನ್ನು ಕುರಿತು ವರದಿ ಸಿದ್ಧಪಡಿಸಲು ಅವರಿಗೆ ಹೊಣೆ ವಹಿಸಿತು. ಆ ವರದಿ 1851ರಲ್ಲಿ ಸಭೆಯ ಮುಂದೆ ಬಂದಿತು. ಕಾಡಿನ ನಾಶವು ನಾಡಿನ ನಾಶವೆಂಬ ಎಚ್ಚರಿಕೆ ಅದರಲ್ಲಿತ್ತು.

ಮದರಾಸಿಗೆ ಹಿಂದಿರುಗಿ ವೈದ್ಯಕೀಯ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದರು. 1856ರಲ್ಲಿ ಮದರಾಸು ಪ್ರಾಂತದ ಮೊದಲ ಅರಣ್ಯ ಸಂರಕ್ಷಣಾಧಿಕಾರಿಯಾಗಿ ನೇಮಕಗೊಂಡರು. ನಮ್ಮ ಬಳ್ಳಾರಿ ಸೀಮೆಯೂ ಕನ್ನಡ ಜಿಲ್ಲೆಯ ಘಟ್ಟಗಳೂ ಆಗ ಆ ಪ್ರಾಂತದಲ್ಲಿಯೇ ಇದ್ದುವು. ಅದೇ ವರ್ಷ ಬೆಂಗಳೂರಿನ ಲಾಲ್‌ಬಾಗ್ ಸರ್ಕಾರಿ ಸಸ್ಯೋದ್ಯಾನವಾದುದರಲ್ಲಿಯೂ ಅವರ ಸಲಹೆಯಿತ್ತು. ಕುದುರೆಯ ಮೇಲೆಯೂ ಕಾಲ್ನಡಿಗೆಯಲ್ಲಿಯೂ ಘಟ್ಟಗಳನ್ನು ಸುತ್ತಿ, 1861ರಲ್ಲಿ ದಕ್ಷಿಣ ಭಾರತದ ಕಾಡು ಮತ್ತು ತೋಟಗಳನ್ನು ಕುರಿತು ಗ್ರಂಥವನ್ನು ಪ್ರಕಟಿಸಿದರು.

ಇಲ್ಲಿಯವರೆಗೆ ಓದಿದಾಗ ನನ್ನ ಮನಸ್ಸು ಗೌರವದಿಂದ ತುಂಬಿತ್ತು. ಮುಂದೆ ಓದಿದಂತೆ ಸಂದೇಹವೂ ಮೂಡಿತು. ಅದು ರೈಲುದಾರಿಯ ಕಾಲ. ಮದರಾಸಿನ ರೈಲಿಗೆ ಬೇಕಾದ ಮರದ ದಿಮ್ಮಿಗಳಿಗಾಗಿ ವರ್ಷಕ್ಕೆ ಸುಮಾರು 35,000 ಮರಗಳು ಬೀಳಬೇಕೆಂಬ ಲೆಕ್ಕ ಆಗಿನದು. ಸರ್ಕಾರಕ್ಕೆ ಕಾಡು ಬೇಕಾದುದು ಒರತೆಗಾಗಿ ಮಾತ್ರವಲ್ಲ, ತೇಗಕ್ಕಾಗಿಯೂ ಹೌದು. ಬೆಟ್ಟದ ಇಳುಕಲನ್ನು ಸುಟ್ಟು ರಾಗಿ ಬಿತ್ತುವ ಕುಮರಿ ಬೇಸಾಯವನ್ನು ಕ್ಲೆಗ್‌ಹಾರ್ನರು ಕಟುವಾಗಿ ವಿರೋಧಿಸಿದರು; 1860ರಲ್ಲಿ ಮದರಾಸು ಸರ್ಕಾರ ಅದನ್ನು ನಿರ್ಬಂಧಿಸಿತು. ರೈಲು ನಿಲ್ಲಲಿಲ್ಲ, ಕುಮರಿಯವನ ಕತ್ತಿ ನಿಂತಿತು.

ನನ್ನ ತಂದೆ ಒಮ್ಮೆ ಒಣಸೌದೆಯ ಹೊರೆಯೊಂದಿಗೆ ಸಿಕ್ಕಿಬಿದ್ದು, ಎರಡು ದಿನದ ಕೂಲಿಯನ್ನು ದಂಡವಾಗಿ ತೆತ್ತು, ಕೊಡಲಿಯನ್ನೂ ಕಳೆದುಕೊಂಡು ಬಂದಿದ್ದರು. ಅಂದು ರಾತ್ರಿ ಅವರು ಊಟ ಮಾಡಲಿಲ್ಲ. ಹೊಳೆಯ ನೀರು ಕಾಡಿನದೆಂದು ನನಗೆ ಕಲಿಸಿದವರು ಅವರೇ. ಕಾಡಿನ ಬೆಲೆಯನ್ನರಿತವನೇ ಕಾಡಿನ ಕಳ್ಳನೆನಿಸಿದ ವಿಪರ್ಯಾಸವನ್ನು ನಾನು ಮರೆಯಲಾರೆ.

ಕ್ಲೆಗ್‌ಹಾರ್ನರು ಅನಂತರ ಪಂಜಾಬಿನ ಹಿಮಾಲಯದ ಕಾಡುಗಳಲ್ಲಿ ದುಡಿದು, ಬ್ರಾಂಡಿಸರು ರಜೆಯ ಮೇಲಿದ್ದಾಗ ಇಡೀ ಭಾರತದ ಅರಣ್ಯಗಳ ಮೇಲ್ವಿಚಾರಣೆಯನ್ನೂ ವಹಿಸಿಕೊಂಡರು. ನಿವೃತ್ತರಾಗಿ ಸ್ಕಾಟ್ಲೆಂಡಿನ ಹಿರಿಯರ ಮನೆಯನ್ನು ಸೇರಿ, 1895ರಲ್ಲಿ ಕಾಲವಾದರು.

ಕಾಲೇಜಿನ ಪ್ರವಾಸದಲ್ಲಿ ಲಾಲ್‌ಬಾಗಿಗೆ ಹೋದಾಗ ಕಂಬದಂತೆ ನೆಟ್ಟಗೆ ಬೆಳೆದ ಕೌರಿ ಪೈನ್ ಮರವನ್ನು ಕಂಡೆ. ಅದರ ತವರು ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್. ಅಲ್ಲಿಯ ಎತ್ತರದ ಮಳೆಕಾಡುಗಳಲ್ಲಿಯೂ ಕೌರಿಯನ್ನು ಹಲಗೆಗಾಗಿ ಕಡಿದರು. ಉಳಿದ ಕಾಡುಗಳು 1988ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ನಮ್ಮ ಪಶ್ಚಿಮಘಟ್ಟಕ್ಕೆ ಆ ಮನ್ನಣೆ ದೊರೆತುದು 2012ರಲ್ಲಿ. ತುಂಗೆ, ಭದ್ರೆಯರು ಹುಟ್ಟುವ ಕುದುರೆಮುಖದ ಸೀಮೆಯಲ್ಲಿ ಕಬ್ಬಿಣದ ಅದಿರಿನ ಗಣಿ ನಿಂತುದು 2005ರ ಕೊನೆಗೆ, ಅದೂ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಿಂದ.

ಕ್ಲೆಗ್‌ಹಾರ್ನರು ರೋಗವನ್ನು ಸರಿಯಾಗಿಯೇ ಗುರುತಿಸಿದರು. ಪಥ್ಯವನ್ನು ಮಾತ್ರ ಬಡವನಿಗೆ ವಿಧಿಸಿದರೆಂದು ನನ್ನ ಅಲ್ಪಮತಿಗೆ ತೋರುತ್ತದೆ. ಅವರ ವಿದ್ಯೆಯನ್ನು ನಾವು ಪಡೆಯೋಣ, ಆ ತಪ್ಪನ್ನು ತಿದ್ದೋಣ. ಘಟ್ಟದ ಕಾಡು ಉಳಿಯಲೇಬೇಕು. ಅದರ ಅಂಚಿನಲ್ಲಿ ಬಾಳುವವರನ್ನು ಕೇಳಿ, ಅವರನ್ನು ಕೂಡಿಕೊಂಡು ಉಳಿಯಬೇಕು. ಈ ವರ್ಷ ಪದವಿ ಮುಗಿಸಿ ಊರಿಗೆ ಹೋದಾಗ, ಹೊಳೆಯ ದಡದಲ್ಲಿ ಕುಳಿತು ಈ ವೈದ್ಯರ ಕಥೆಯನ್ನು ನನ್ನ ತಂದೆಗೆ ಓದಿ ಹೇಳಬೇಕೆಂದಿದ್ದೇನೆ.