ಅಲ್ಯೂಮಿನಿಯಂ ಪಾತ್ರೆ ತಂದ ಚಾಟರ್ಟನ್: ಕಪ್ಪಾದ ಪಾತ್ರೆಗೆ ಸೋಡಾ ಹಾಕಬಹುದೇ?

ಕಪ್ಪಾದ ಅಲ್ಯೂಮಿನಿಯಂ ಪಾತ್ರೆಯನ್ನು ಸೋಡಾ ಹಾಕಿ ಉಜ್ಜಿದರೆ ಹೊಸದರಂತೆ ಹೊಳೆಯುತ್ತದೆ ಎಂದು ಹಲವರು ನಂಬುತ್ತಾರೆ. ಇದು ಸರಿಯಲ್ಲ. ಏಕೆಂದು ತಿಳಿಯಲು, ಈ ಪಾತ್ರೆಯನ್ನು ದಕ್ಷಿಣ ಭಾರತದಲ್ಲಿ ಬಳಕೆಗೆ ತಂದವರ ಬದುಕನ್ನು ನೋಡೋಣ.

ಆಲ್‌ಫ್ರೆಡ್ ಚಾಟರ್ಟನ್ ಹುಟ್ಟಿದ್ದು 1866ರಲ್ಲಿ. 1888ರಲ್ಲಿ ಮದರಾಸಿನ ಎಂಜಿನಿಯರಿಂಗ್ ಕಾಲೇಜಿಗೆ ಪ್ರಾಧ್ಯಾಪಕರಾಗಿ ಬಂದರು. ಆಗ ಅಡುಗೆಗೆ ಮಣ್ಣು, ತಾಮ್ರ, ಹಿತ್ತಾಳೆಯ ಪಾತ್ರೆಗಳಿದ್ದವು. ತಾಮ್ರ, ಹಿತ್ತಾಳೆಗೆ ಹುಳಿ ತಾಗಿದರೆ ಕಿಲುಬು. ಆಗಾಗ ಕಲಾಯಿ ಹಾಕಿಸಲೇಬೇಕು.

ಚಾಟರ್ಟನ್ 1898ರಲ್ಲಿ ಮದರಾಸಿನ ಕಲಾಶಾಲೆಯಲ್ಲಿ ಅಲ್ಯೂಮಿನಿಯಂ ಪಾತ್ರೆ ಮಾಡಿಸಲು ಶುರುಮಾಡಿದರು. ಹಗುರ, ಬೇಗ ಕಾಯುತ್ತದೆ, ಕಲಾಯಿ ಬೇಡ. ಕೆಲಸ ಕುದುರಿದ ಮೇಲೆ ಅದು ಖಾಸಗಿ ಕಂಪನಿಯ ಕೈಗೆ ಹೋಯಿತು.

ಕಲಾಯಿ ಏಕೆ ಬೇಡ? ಗಾಳಿ ತಾಗಿದ ಕೂಡಲೇ ಅಲ್ಯೂಮಿನಿಯಂ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪದರ ಕಟ್ಟುತ್ತದೆ. ಅದೇ ಅದರ ರಕ್ಷಾಕವಚ. ವಾಷಿಂಗ್ ಸೋಡಾ, ಕಾಸ್ಟಿಕ್ ಸೋಡಾ ಈ ಪದರವನ್ನು ಕರಗಿಸಿ, ಕೆಳಗಿನ ಲೋಹವನ್ನೂ ತಿನ್ನುತ್ತವೆ. ಒಲೆ ಬೂದಿಯೂ ಕ್ಷಾರವೇ. ಹಿತ್ತಾಳೆಗೆ ಒಗ್ಗಿದ್ದು ಇದಕ್ಕೆ ಒಗ್ಗದು.

ಮುಂದೆ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಚಾಟರ್ಟನ್ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾದರು. ಶ್ರೀಗಂಧದ ಎಣ್ಣೆ ಉದ್ಯಮಕ್ಕೆ ದುಡಿದರು. 1958ರಲ್ಲಿ ತೀರಿಕೊಂಡರು.

ನೀವು ಮಾಡಬೇಕಾದ್ದು: ಕಪ್ಪಾದ ಪಾತ್ರೆಯಲ್ಲಿ ನೀರಿಗೆ ಹುಣಸೆಹಣ್ಣು ಅಥವಾ ನಿಂಬೆರಸ ಹಾಕಿ ಹತ್ತು ನಿಮಿಷ ಕುದಿಸಿ, ಮೆತ್ತನೆಯ ನಾರಿನಿಂದ ತಿಕ್ಕಿ, ಕೂಡಲೇ ತೊಳೆದು ಒರೆಸಿ. ಹುಳಿಯನ್ನು ರಾತ್ರಿಯಿಡೀ ಬಿಡಬೇಡಿ. ಅದೂ ಲೋಹವನ್ನು ತಿನ್ನುತ್ತದೆ.